ಸಸಿ ಯಾವ ತಿಂಗಳಲ್ಲಿ ಸತ್ತಿತು? ದಾವಣಗೆರೆಯ ಬೀದಿ ಮರಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ದಾವಣಗೆರೆಯ ವಿದ್ಯಾನಗರದಾಚೆ, ಹಿಂದೆ ಗದ್ದೆಯಿದ್ದ ಜಾಗದಲ್ಲಿ ಎದ್ದ ಬಡಾವಣೆಯಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದೆ ಬೀದಿಯವರೇ 14 ಜನ ಸೇರಿ ಜೂನ್ 5ರಂದು 120 ಸಸಿ ನೆಟ್ಟೆವು. ಹೊಂಗೆ, ಬೇವು, ನೇರಳೆ, ಒಂದಷ್ಟು ಆಕಾಶಮಲ್ಲಿಗೆ. ಯಂತ್ರದಿಂದ ಗುಂಡಿ ತೆಗೆಸಿ, ಕೆಂಪು ಮಣ್ಣು, ಗೊಬ್ಬರ ತುಂಬಿಸಿದೆವು. ಸರದಿ ಹಾಕಿಕೊಂಡು ದಿನಾ ಬೆಳಿಗ್ಗೆ ಗಿಡಕ್ಕೊಂದು ಚೊಂಬು ನೀರು ಹಾಕಿದೆವು. ಆದರೂ ಈಗ ಉಳಿದಿರುವುದು 47. ಮೊದಲ ದಸರೆಯೊಳಗೇ 31 ಹೋದವು, ಮುಂದಿನ ಬೇಸಿಗೆಯಲ್ಲಿ 29 ಒಣಗಿದವು. ಮಿಕ್ಕ 13 ದನ, ಕಾರು, ಕರೆಂಟ್ ಲೈನ್ ಕೆಲಸ ಅಂತ ಹಾಳಾದವು. "ಈ ಎರೆಮಣ್ಣಿಗೆ ಮರ ಹತ್ತಲ್ಲ ಬಿಡ್ರಿ" ಅನ್ನುತ್ತಾರೆ ಬೀದಿಯ ಹಿರಿಯರು. ಎದುರು ಮನೆಯವರು ಬೇವಿನ ಬೇರು ಪಾಯ ಸೀಳುತ್ತದೆ ಎಂದು ತಕರಾರು ತೆಗೆದಿದ್ದಾರೆ. ಅವರ ಕಾಂಪೌಂಡಿನ ಪಕ್ಕದ ಗಿಡದ ಬುಡಕ್ಕೆ ಯಾರೋ ಏನನ್ನೋ ಸುರಿದಿದ್ದಾರೆ. ಈ ಸಲ ದಾನಿಯೊಬ್ಬರು 200 ಸಸಿ ಕೊಡಲು ಮುಂದೆ ಬಂದಿದ್ದಾರೆ, ದನ ತಿನ್ನದ ಕಾನೊಕಾರ್ಪಸ್ ಹಾಕಿ ಎಂದು ಅವರ ಸಲಹೆ. ನಮ್ಮ ಗುಂಪಿನಲ್ಲಿ ಕೆಲವರಿಗೆ ಉತ್ಸಾಹವೇ ಉಡುಗಿದೆ. ಮತ್ತೆ ನೆಡಬೇಕೆ, ಬಿಡಬೇಕೆ?

ಉತ್ತರ: ಮೇಡಂ, ಸಸಿ ನೆಟ್ಟವರು ನನಗೆ ಬರೆಯುವ ಪತ್ರಗಳಲ್ಲಿ ಎಷ್ಟು ನೆಟ್ಟೆವು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಎಷ್ಟು ಸತ್ತವು, ಯಾವಾಗ ಸತ್ತವು ಎಂದು ಬರೆದಿಟ್ಟುಕೊಂಡವರು ಸಿಗುವುದು ಅಪರೂಪ. ನೀವು ಬರೆದಿಟ್ಟಿದ್ದೀರಿ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಮುಕ್ಕಾಲು ಪಾಲು ಆ ಲೆಕ್ಕದಲ್ಲೇ ಇದೆ.

ಮೊದಲ ದಸರೆಯೊಳಗೆ 31 ಸಸಿ ಹೋದವು ಎಂದಿರಿ. ಅದು ಮಳೆಗಾಲ. ನೀರಿಲ್ಲದೆ ಸಾಯುವ ಕಾಲವಲ್ಲ. ಹಾಗಾದರೆ ಅವು ಸತ್ತಿದ್ದು ಹೇಗೆ? ನನ್ನ ಅಂದಾಜಿನಲ್ಲಿ ಹೆಚ್ಚಿನವು ಮುಳುಗಿ ಸತ್ತಿವೆ. ಸಾಮಾಜಿಕ ಅರಣ್ಯದ ಕೆಲಸದಲ್ಲಿ ಸುಮಾರು 30 ವರ್ಷ ಕಳೆದ ನಾನು ಎರೆನೆಲದಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಶುರುವಿನ ವರ್ಷಗಳಲ್ಲಿ ನಾನೇ ಮಾಡಿದ ತಪ್ಪು ಕೂಡ ಇದು.

ಎರೆಮಣ್ಣಿನ ಗುಣ ನಿಮಗೆ ಗೊತ್ತಿರುವುದೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಒಮ್ಮೆ ಮುಚ್ಚಿಕೊಂಡಿತೆಂದರೆ ನೀರು ಕೆಳಗಿಳಿಯುವುದು ಬಹಳ ನಿಧಾನ. ಅದರಲ್ಲೂ ತಿರುಗುವ ಯಂತ್ರದಿಂದ ಗುಂಡಿ ತೆಗೆದರೆ ಒಳಗೋಡೆ ಕುಂಬಾರ ಕೈಯಾಡಿಸಿದ ಹಾಗೆ ನುಣ್ಣಗಾಗುತ್ತದೆ. ಅದಕ್ಕೆ ನೀವು ಸಡಿಲವಾದ ಕೆಂಪು ಮಣ್ಣು, ಗೊಬ್ಬರ ತುಂಬಿಸಿದಿರಿ. ಸುತ್ತ ನೀರು ಬಿಡದ ಎರೆ, ನಡುವೆ ನೀರು ಹೀರುವ ಮಣ್ಣು. ಮಳೆ ಬಂದಾಗ ಸುತ್ತಲಿನ ನೀರೆಲ್ಲ ಅದೇ ಗುಂಡಿಗೆ ಇಳಿದು ನಿಂತಿತು. ಬೇರಿಗೂ ಗಾಳಿ ಬೇಕು. ವಾರಗಟ್ಟಲೆ ನೀರಲ್ಲಿ ನಿಂತರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯಲಾರದು, ಮೇಲೆ ಎಲೆ ಬಾಡುತ್ತದೆ. ಬಾಡಿದ್ದು ಕಂಡವರು ನೀರು ಸಾಲದೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಪ್ರೀತಿಯಿಂದಲೇ ಆಗುವ ಅನಾಹುತವಿದು. ನಿಮ್ಮ ಬಡಾವಣೆ ಗದ್ದೆಯ ಮೇಲೆ ಎದ್ದದ್ದು ಎಂದಮೇಲೆ ಈ ಅನುಮಾನ ನನಗೆ ಇನ್ನೂ ಗಟ್ಟಿಯಾಗುತ್ತದೆ.

ಅನುಮಾನ ಬಗೆಹರಿಸಿಕೊಳ್ಳುವುದು ಸುಲಭ. ಹೊಸ ಗುಂಡಿ ತೋಡಿದ ದಿನ ಸಂಜೆ ಅದರ ತುಂಬ ನೀರು ಹಾಕಿ, ಮರುದಿನ ಬೆಳಿಗ್ಗೆ ಹೋಗಿ ನೋಡಿ. ನೀರು ಹಾಗೇ ನಿಂತಿದ್ದರೆ ಆ ಗುಂಡಿಯಲ್ಲಿ ಸಸಿ ಇಡಬೇಡಿ. ಜಾಗ ಬಿಡಲೇಬೇಕೆಂದಿಲ್ಲ, ಕ್ರಮ ಬದಲಿಸಿದರೆ ಸಾಕು. ಆಳಕ್ಕಿಂತ ಅಗಲಕ್ಕೆ ತೋಡಿ, ಎರಡೂವರೆ ಮೂರು ಅಡಿ ಅಗಲವಿರಲಿ. ಒಳಗೋಡೆಯನ್ನು ಹಾರೆಯಿಂದ ಅಲ್ಲಲ್ಲಿ ಕುಟ್ಟಿ ಒಡೆಯಿರಿ. ತೆಗೆದ ಎರೆಮಣ್ಣನ್ನೇ ಪುಡಿಮಾಡಿ ಹಿಂದಕ್ಕೆ ತುಂಬಿ, ಕಾಲು ಪಾಲಿಗಿಂತ ಹೆಚ್ಚು ಗೊಬ್ಬರ ಬೇಡ. ಸಸಿ ಸುತ್ತಲಿನ ನೆಲಕ್ಕಿಂತ ನಾಲ್ಕೈದು ಅಂಗುಲ ಎತ್ತರದ ದಿಬ್ಬದ ಮೇಲೆ ಕೂರಬೇಕು. "ತಗ್ಗಲ್ಲಿದ್ರೆ ನೀರು ನಿಲ್ತದೆ, ಗಿಡಕ್ಕೆ ಒಳ್ಳೇದು" ಎಂಬ ಮಾತು ಚಿತ್ರದುರ್ಗದ ಕಡೆಯ ಕಲ್ಲುಮಿಶ್ರಿತ ಕೆಂಪು ನೆಲಕ್ಕೆ ಹೊಂದುತ್ತದೆ, ಏಕೆಂದರೆ ಅಲ್ಲಿ ನೀರು ಬೇಗ ಇಂಗಿ ಹೋಗುತ್ತದೆ. ನಿಮ್ಮ ಬೀದಿಗೆ ಆ ಮಾತು ತಿರುಗುಬಾಣ. ಹಾಗೆಯೇ "ಎರೆಮಣ್ಣಿಗೆ ಮರ ಹತ್ತಲ್ಲ" ಎಂಬುದೂ ನಿಜವಲ್ಲ. ದಾವಣಗೆರೆ ಸುತ್ತಲಿನ ಎರೆಹೊಲಗಳ ಬದುವಿನ ಮೇಲೆ ನಿಂತ ಬೇವಿನ ಮರಗಳನ್ನು ನೋಡಿ. ಅವು ನಿಂತಿರುವುದು ಬದುವಿನ ಮೇಲೆ, ಅಂದರೆ ನೆಲಕ್ಕಿಂತ ಎತ್ತರದಲ್ಲಿ, ಎಂಬುದನ್ನೂ ಗಮನಿಸಿ.

ಇನ್ನೊಂದು ಮಾತು. ಸಸಿ ಎಷ್ಟು ಆಳಕ್ಕೆ ಹೋಗಿದೆ? ಕಾಂಡ ಬುಡದಲ್ಲಿ ಸ್ವಲ್ಪ ಅಗಲವಾಗಿ ಬೇರಿಗೆ ಕವಲೊಡೆಯುವ ಒಂದು ಜಾಗವಿರುತ್ತದೆ, ನಾವು ಅದನ್ನು ಗಿಡದ ಕೊರಳು ಅನ್ನುತ್ತೇವೆ. ಅದು ಮಣ್ಣಿನ ಮಟ್ಟದಲ್ಲೇ ಇರಬೇಕು. ಗಿಡ ಅಲ್ಲಾಡಬಾರದೆಂದು ಅರ್ಧ ಅಡಿ ಹೂತರೆ ತೊಗಟೆ ತೇವದಲ್ಲಿ ಕೊಳೆಯುತ್ತದೆ. ಕೆಲವು ಗಿಡ ಮೂರು ನಾಲ್ಕು ವರ್ಷ ಹೇಗೋ ಬದುಕಿ ಆಮೇಲೆ ಒಂದು ಗಾಳಿಗೆ ಮುರಿದು ಬೀಳುತ್ತವೆ. ಜನ ಗಾಳಿಯನ್ನು ಬೈಯುತ್ತಾರೆ. ಸಸಿಯ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆದಿದ್ದಿರಾ? ತಳ ಮಾತ್ರ ಹರಿದು ಹಾಗೇ ಇಟ್ಟ ಗಿಡಗಳು ನಿಮ್ಮ 47ರಲ್ಲೂ ಇರಬಹುದು. ಚೀಲದೊಳಗೆ ಬೇರು ಸುರುಳಿ ಸುತ್ತಿದ್ದರೆ ನೆಡುವ ಮುಂಚೆ ಆ ಸುರುಳಿಯನ್ನು ಚೂರಿಯಿಂದ ಎರಡು ಮೂರು ಕಡೆ ಕೊಯ್ಯಬೇಕು. ಕೊಯ್ದರೆ ಸಾಯುತ್ತದೆಂಬ ಭಯ ಬೇಡ. ಕೊಯ್ಯದೆ ಬಿಟ್ಟರೆ ಅದೇ ಬೇರು ಮುಂದೆ ದಪ್ಪಗಾಗಿ ತನ್ನ ಕಾಂಡವನ್ನೇ ಬಿಗಿಯುತ್ತದೆ.

ಬೇಸಿಗೆಯಲ್ಲಿ ಒಣಗಿದ 29ರ ಕತೆ ಬೇರೆ, ಅದರ ಕಾರಣ ಆ ಚೊಂಬು. ದಿನಾ ಒಂದು ಚೊಂಬು ನೀರು ಮೇಲಿನ ಎರಡಂಗುಲ ಮಣ್ಣನ್ನು ಒದ್ದೆ ಮಾಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಆರಿಹೋಗುತ್ತದೆ. ಬೇರು ನೀರಿದ್ದಲ್ಲಿಗೆ ಬರುತ್ತದಾದ್ದರಿಂದ ಇಂಥ ಗಿಡದ ಬೇರು ಮೇಲಕ್ಕೇ ಬಂದು ಕೂರುತ್ತದೆ. ಏಪ್ರಿಲ್ ಬಿಸಿಲು 38, 40 ಡಿಗ್ರಿ ಮುಟ್ಟಿದಾಗ ಆ ಮೇಲ್ಪದರದಲ್ಲೇ ಬೇಯುತ್ತದೆ. ನೀವು ಊರಿಗೆ ಹೋಗಿ ನಾಲ್ಕು ದಿನ ತಪ್ಪಿತೋ, ಗಿಡ ಮುಗಿಯಿತು. ಬದಲಿಗೆ ಐದಾರು ದಿನಕ್ಕೊಮ್ಮೆ 20 ಲೀಟರ್ ಕೊಡಿ, ಅದೂ ನಿಧಾನವಾಗಿ. ಹಳೆಯ ಕ್ಯಾನಿನ ತಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ ಬುಡದಿಂದ ಒಂದಡಿ ದೂರ ಇಟ್ಟು ಬಿಟ್ಟರೆ ಅದು ತಾನೇ ಇಳಿಯುತ್ತದೆ. ಎರಡನೇ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ, ಮೂರನೆಯದಕ್ಕೆ ಹದಿನೈದು ದಿನಕ್ಕೊಮ್ಮೆ, ಪಾತಿಯನ್ನು ವರ್ಷ ವರ್ಷ ಹೊರಕ್ಕೆ ಸರಿಸುತ್ತ. ಮೂರು ಬೇಸಿಗೆ ದಾಟಿದ ಹೊಂಗೆ, ಬೇವು ನಿಮ್ಮನ್ನು ಮತ್ತೆ ಕೇಳುವುದಿಲ್ಲ. ರೈತರಿಗಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲೂ ಸರ್ಕಾರ ಹಣ ಕೊಡುವುದು ನೆಟ್ಟ ಗಿಡಕ್ಕಲ್ಲ, ಮೂರು ವರ್ಷ ಪ್ರತಿ ವರ್ಷ ಎಣಿಸಿದಾಗ ಬದುಕಿರುವ ಗಿಡಕ್ಕೆ.

ಬುಡಕ್ಕೆ ಹೊದಿಕೆ ಬೇಕೇ ಬೇಕು. ನಿಮ್ಮೂರಲ್ಲಿ ಅದಕ್ಕೆ ಬರವಿಲ್ಲ. ಭತ್ತದ ಹುಲ್ಲು, ಮೆಕ್ಕೆಜೋಳದ ಬೆಂಡು, ಚನ್ನಗಿರಿ ಕಡೆಯಿಂದ ಬರುವ ಅಡಿಕೆ ಸಿಪ್ಪೆ, ಏನೂ ಇಲ್ಲದಿದ್ದರೆ ನಿಮ್ಮ ಬೀದಿಯಲ್ಲೇ ಗುಡಿಸಿ ಸುಡುವ ಎಲೆ. ಮೂರಂಗುಲ ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಬೂದಿ ಹಾಕಿದರೆ ಗೆದ್ದಲು ಬರುವುದಿಲ್ಲವೆಂದು ಮಂಡಕ್ಕಿ ಭಟ್ಟಿಯಿಂದ ಬೂದಿ ತಂದು ಸುರಿಯುವವರನ್ನು ಕಂಡಿದ್ದೇನೆ. ಎರೆಮಣ್ಣು ಮೊದಲೇ ಕ್ಷಾರದ ಕಡೆ ವಾಲಿರುತ್ತದೆ, ಅದಕ್ಕೆ ಬೂದಿ ಬೇಡ. ಗೆದ್ದಲು ಬಹುಮಟ್ಟಿಗೆ ಸೊರಗಿದ ಗಿಡವನ್ನೇ ಹಿಡಿಯುವುದು, ಗಿಡಕ್ಕೆ ನೀರು ಸರಿಹೋದರೆ ಅದೂ ಸರಿಹೋಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಹಾಕಬಹುದು. ಫಿಲ್ಟರ್ ಹೊರಬಿಡುವ ನೀರನ್ನು ಮಾತ್ರ ವರ್ಷಗಟ್ಟಲೆ ಒಂದೇ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಸೇರಿಕೊಂಡಿರುತ್ತದೆ, ಎರೆನೆಲದಿಂದ ಆ ಉಪ್ಪು ಹೊರಗೆ ಹೋಗುವುದು ಕಷ್ಟ.

ಜೂನ್ 5ರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪರಿಸರ ದಿನ ಒಳ್ಳೆಯ ದಿನ, ಜನ ಸೇರುತ್ತಾರೆ. ಆದರೆ ಆಗಿನ್ನೂ ಮೃಗಶಿರಾ ಮಳೆ ಕೂಡ ಹುಟ್ಟಿರುವುದಿಲ್ಲ. ಮಲೆನಾಡಿನಲ್ಲಿ ನಡೆಯುವ ಕ್ರಮ ನಮ್ಮ ಬಯಲುಸೀಮೆಗೆ ಹಾಗೇ ಹೊಂದುವುದಿಲ್ಲ. ಇಲ್ಲಿ ಜೂನ್ ಜುಲೈ ಎಂದರೆ ಮೋಡ ಜಾಸ್ತಿ, ಗಾಳಿ ಜಾಸ್ತಿ, ಮಳೆ ಕಡಿಮೆ. ಎಳೆ ಸಸಿಯನ್ನು ಆ ಗಾಳಿಯೇ ಒಣಗಿಸಿಬಿಡುತ್ತದೆ. ಚಿತ್ರದುರ್ಗದ ಕಡೆಯಂತೂ ನಂಬುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಕಾಲಕ್ಕೆ. ನಿಮಗೆ ಎರಡು ದಾರಿಯಿದೆ. ಜೂನ್ ಕೊನೆಗೆ ಹುಟ್ಟುವ ಆರಿದ್ರಾ ಮಳೆ ಹದವಾಗಿ ಬಿದ್ದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರಿಗೆ ಎಂಟು ತಿಂಗಳು ಸಿಗುತ್ತದೆ, ಆದರೆ ನಡುವೆ ಮಳೆ ಕೈಕೊಟ್ಟರೆ ನೀರು ಹೊರಬೇಕು. ಆಗಸ್ಟ್ ಕೊನೆಗೆ ನೆಟ್ಟರೆ ಮಳೆಯೂ ಚಳಿಯೂ ಕೈಹಿಡಿಯುತ್ತವೆ, ಆದರೆ ಮೊದಲ ಬೇಸಿಗೆಗೆ ಗಿಡ ಇನ್ನೂ ಎಳೆಯದಿರುತ್ತದೆ. ನಿಮ್ಮ ನೆಲಕ್ಕೆ, ದಿಬ್ಬ ಮಾಡುವುದಾದರೆ, ನಾನು ಎರಡನೆಯದನ್ನೇ ಆರಿಸುತ್ತೇನೆ. ಜೂನ್ 5ಕ್ಕೆ ಜನ ಸೇರಿಸಲೇಬೇಕೆಂದಿದ್ದರೆ ಗುಂಡಿ ತೋಡಿ, ನೀರಿನ ಪರೀಕ್ಷೆ ಮಾಡಿ. ಶಾಲೆ ಮಕ್ಕಳಿಗೂ ಅದು ಒಳ್ಳೆಯ ಪಾಠ.

ಈಗ ಎದುರು ಮನೆಯವರ ಮಾತಿಗೆ ಬರೋಣ. ಅವರನ್ನು ಮರದ ವೈರಿ ಎಂದು ತಳ್ಳಿಹಾಕಬೇಡಿ, ಅವರ ಭಯದಲ್ಲಿ ಅರ್ಧ ನಿಜವಿದೆ. ಬೇರಿಗೆ ಗಟ್ಟಿ ಪಾಯವನ್ನು ಕೊರೆಯುವ ಶಕ್ತಿಯಿಲ್ಲ. ಬಹುಪಾಲು ಬೇರುಗಳು ಮೇಲಿನ ಎರಡಡಿ ಮಣ್ಣಿನಲ್ಲೇ, ಕೊಂಬೆಗಳ ಹರವಿಗಿಂತಲೂ ದೂರ ಹರಡುತ್ತವೆ. ಪೈಪಿನೊಳಗೆ ಬೇರು ನುಗ್ಗುವುದು ಪೈಪು ಮೊದಲೇ ಸೋರುತ್ತಿದ್ದಾಗ. ಆದರೆ ಎರೆನೆಲದ ಮನೆಗಳಲ್ಲಿ ಮರವಿಲ್ಲದಿದ್ದರೂ ಗೋಡೆ ಬಿರುಕು ಬಿಡುತ್ತದೆ, ಏಕೆಂದರೆ ಕೆಳಗಿನ ಮಣ್ಣೇ ಕುಗ್ಗಿ ಹಿಗ್ಗುತ್ತಿರುತ್ತದೆ. ದೊಡ್ಡ ಮರ ತೀರ ಹತ್ತಿರವಿದ್ದರೆ ಬೇಸಿಗೆಯಲ್ಲಿ ಇನ್ನಷ್ಟು ನೀರೆಳೆದು ಆ ಕುಗ್ಗುವಿಕೆಯನ್ನು ಹೆಚ್ಚಿಸಬಲ್ಲದು. ಅವರ ಗೋಡೆಯ ಬಿರುಕು ಏಪ್ರಿಲಿನಲ್ಲಿ ಅಗಲವಾಗಿ ಅಕ್ಟೋಬರಿನಲ್ಲಿ ಕೂಡಿಕೊಳ್ಳುತ್ತಿದ್ದರೆ ಅದು ಮಣ್ಣಿನ ಕೆಲಸ, ನಿಮ್ಮ ಎರಡು ವರ್ಷದ ಬೇವಿನದಲ್ಲ. ಜೊತೆಗೆ, ತೆಳ್ಳಗಿನ ಕಾಂಪೌಂಡ್ ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ ನೆಟ್ಟ ಬೇವು ಹತ್ತು ವರ್ಷಕ್ಕೆ ಬುಡ ದಪ್ಪಗಾಗಿ ಆ ಗೋಡೆಯನ್ನು ನೂಕುವುದು ಖಂಡಿತ. ಇದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಬೇಡ.

ಹಾಗಾಗಿ ಟೇಪು ಹಿಡಿದು ಅಳೆಯಿರಿ. ಬೇವು, ಹೊಂಗೆ, ನೇರಳೆಗೆ ಗೋಡೆಯಿಂದ ಕನಿಷ್ಠ ಹತ್ತು ಅಡಿ ಇರಲಿ. ಅಷ್ಟು ಇಲ್ಲದ ಕಡೆ ಬಸವನಪಾದ, ಪಾರಿಜಾತ, ದೇವಕಣಗಿಲೆಯಂಥ ಚಿಕ್ಕ ಮರ ಸಾಕು. ಆಲ, ಅರಳಿ, ಅತ್ತಿಯನ್ನು ಬೀದಿಯಲ್ಲಿ ಬೇಡವೇ ಬೇಡ, ಅವಕ್ಕೆ ಕೆರೆ ಏರಿ, ದೇವಸ್ಥಾನದ ಕಟ್ಟೆ, ಉದ್ಯಾನದ ಮೂಲೆ ಇವೆ. ಅರಳಿ ರಾತ್ರಿಯೂ ಆಮ್ಲಜನಕ ಬಿಡುತ್ತದೆ, ಮನೆಮುಂದೆ ಇರಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಕಿಲ್ಲದಾಗ ಅದೂ ಬೇರೆ ಮರಗಳಂತೆ ಉಸಿರಾಡುತ್ತದೆ ಅಷ್ಟೇ. ಎದುರು ಮನೆಯವರ ಗೋಡೆ ಪಕ್ಕದ ಗಿಡ ನಿಜಕ್ಕೂ ತೀರ ಹತ್ತಿರವಿದ್ದರೆ ಈಗಲೇ ಎಬ್ಬಿಸಿ ಬೇರೆಡೆ ಹಾಕಬಹುದು. ಮಳೆಗಾಲದಲ್ಲಿ, ಕಾಂಡ ಒಂದಂಗುಲ ದಪ್ಪವಿದ್ದರೆ ಬೇರಿನ ಮುದ್ದೆ ಒಂದಡಿ ಅಗಲ ಬರುವಂತೆ ಮಣ್ಣುಸಮೇತ ತೆಗೆಯಬೇಕು. ಬದುಕುವ ಖಾತರಿಯಿಲ್ಲ, ಬೇವು ಇದಕ್ಕೆ ಸ್ವಲ್ಪ ಮುನಿಯುತ್ತದೆ. ಆದರೂ ನೀವೇ ಮುಂದಾಗಿ "ಇದನ್ನು ಸರಿಸುತ್ತೇವೆ, ಬದಲಿಗೆ ನಿಮಗೆ ಯಾವ ಹೂವಿನ ಮರ ಬೇಕು?" ಎಂದು ಕೇಳಿ ನೋಡಿ. ಹಿಂದೊಮ್ಮೆ ಒಂದು ಪೇಟೆಬೀದಿಯಲ್ಲಿ ಅಂಗಡಿಯವರೊಬ್ಬರು ಬೋರ್ಡು ಕಾಣುವುದಿಲ್ಲವೆಂದು ಎರಡು ಸಲ ಗಿಡ ಒಣಗಿಸಿದ್ದರು. ಮೂರನೇ ಸಲ ಗಿಡವನ್ನು ಎಲ್ಲಿ ನೆಡಬೇಕೆಂದು ಅವರಿಂದಲೇ ಗುರುತು ಹಾಕಿಸಿದೆವು. ಕೆಳಗಿನ ಕೊಂಬೆಗಳನ್ನು ವರ್ಷಕ್ಕೆ ಒಂದೆರಡರಂತೆ ತೆಗೆದು ಬೋರ್ಡಿಗಿಂತ ಮೇಲೆ ಕೊಡೆ ಬಿಚ್ಚುವ ಹಾಗೆ ಮಾಡಿದೆವು. ಆ ಮರಕ್ಕೆ ಆಮೇಲೆ ಅವರೇ ನೀರು ಹಾಕಿದರು.

ಸುರಿದದ್ದು ಉಪ್ಪುನೀರೋ, ಬಟ್ಟೆ ತೊಳೆದ ನೀರೋ ಆಗಿದ್ದರೆ ಮೇಲಿನ ಮೂರು ನಾಲ್ಕು ಅಂಗುಲ ಮಣ್ಣು ತೆಗೆದು ಹೊಸ ಮಣ್ಣು ಹಾಕಿ, ಎರಡು ಮೂರು ಸಲ ಧಾರಾಳವಾಗಿ ನೀರು ಹಾಯಿಸಿ. ಆಸಿಡ್ ಆಗಿದ್ದು ತೊಗಟೆ ಸುತ್ತಲೂ ಸುಟ್ಟಿದ್ದರೆ ಗಿಡ ಉಳಿಯುವುದಿಲ್ಲ. ಯಾರೆಂದು ಕಣ್ಣಾರೆ ಕಾಣದೆ ಹೆಸರು ಹೇಳಬೇಡಿ. ಹೀಗೆ ಹೆಸರು ಹೇಳಿದ್ದರಿಂದಲೇ ಒಡೆದುಹೋದ ಗುಂಪುಗಳನ್ನು ಬಲ್ಲೆ.

ಕಾನೊಕಾರ್ಪಸ್ ಬೇಡ. ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು, ದನ ಮೂಸುವುದಿಲ್ಲ, ಎಲ್ಲ ನಿಜ. ಆದರೆ ಅದರ ಬೇರು ಚರಂಡಿ, ನೀರಿನ ಪೈಪುಗಳ ಕಡೆ ಹುರುಪಿನಿಂದ ನುಗ್ಗುವಂಥದ್ದು. ಹೂವಿನ ಪರಾಗ ಅಲರ್ಜಿ ಇರುವವರಿಗೆ ತೊಂದರೆ ಎಂಬ ದೂರೂ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಒಳಚರಂಡಿಯ (ಯುಜಿಡಿ) ಪೈಪುಗಳು, ಜಲಸಿರಿ ಯೋಜನೆಯ ಕುಡಿಯುವ ನೀರಿನ ಪೈಪುಗಳು ರಸ್ತೆಬದಿಯಲ್ಲೇ ಹಾದಿರುವ ನಿಮ್ಮೂರಿನಲ್ಲಿ ಅದನ್ನು ನೆಟ್ಟರೆ ಎದುರು ಮನೆಯವರ ಭಯವನ್ನು ನೀವೇ ನಿಜ ಮಾಡಿದ ಹಾಗೆ. ದನ ಅಷ್ಟಾಗಿ ಇಷ್ಟಪಡದ ಮರ ಬೇಕಿದ್ದರೆ ಹೊಂಗೆಯೇ ಇದೆಯಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಚಿಗುರು ಹೊದ್ದು ನಿಲ್ಲುವ ಅದರಷ್ಟು ನಮ್ಮ ಬೇಸಿಗೆಯನ್ನು ಅರಿತ ಬೀದಿಮರ ನನಗೆ ಇನ್ನೊಂದು ಕಂಡಿಲ್ಲ. ಗಸಗಸೆ ಹಣ್ಣಿನ ಮರವೂ ಬೇಗ ನೆರಳು ಕೊಡುತ್ತದೆ, ಮಕ್ಕಳಿಗೂ ಹಕ್ಕಿಗಳಿಗೂ ಹಬ್ಬ. ಕೊಂಬೆ ಮಾತ್ರ ಬೇಗ ಮುರಿಯುವಂಥದ್ದು, ವಾಹನ ನಿಲ್ಲಿಸುವ ಕಡೆ ಬೇಡ. ಆಕಾಶಮಲ್ಲಿಗೆಯ ಕಟ್ಟಿಗೆಯೂ ಮೆದು. ಉಳಿದಿರುವವು ಇರಲಿ, ಹೊಸದಾಗಿ ಹಾಕಬೇಡಿ.

ಲೈನ್ ಕೆಲಸದಲ್ಲಿ ತಲೆ ಕತ್ತರಿಸಿಕೊಂಡ ಗಿಡಗಳ ವಿಷಯದಲ್ಲಿ ತಪ್ಪು ಎರಡೂ ಕಡೆ ಇದೆ. ತಂತಿ ಕೆಳಗೆ 40 ಅಡಿ ಬೆಳೆಯುವ ಮರ ನೆಟ್ಟರೆ ಮಳೆಗಾಲಕ್ಕೆ ಮುಂಚೆ ಅದನ್ನು ಕತ್ತರಿಸುವುದು ಕರೆಂಟಿನವರ ಕೆಲಸ, ಯಾಕೆಂದರೆ ಅಲ್ಲಿ ಜೀವದ ಪ್ರಶ್ನೆಯಿದೆ. 11 ಕೆ.ವಿ. ತಂತಿಯ ಕೆಳಗೆ ಏನನ್ನೂ ನೆಡಬೇಡಿ. ಮನೆಗಳಿಗೆ ಬರುವ ಸಣ್ಣ ಲೈನಿನ ಕೆಳಗೆ 15 ಅಡಿಯೊಳಗೆ ನಿಲ್ಲುವ ಮರ ಮಾತ್ರ. ತಲೆ ಹೋದ ಗಿಡದಲ್ಲಿ ಈಗ ಹತ್ತಾರು ಚಿಗುರು ಪೊದೆಯಂತೆ ಬಂದಿರುತ್ತವೆ. ತಂತಿಯ ಕೆಳಗಿಲ್ಲದ ಗಿಡವಾದರೆ ನೇರವಾದ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಇಂಥ ಸವರುವ ಕೆಲಸಕ್ಕೂ ಪಾಲಿಕೆಗೆ ಮೊದಲೇ ಒಂದು ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ರಸ್ತೆಬದಿಯ ನೆಲ ಪಾಲಿಕೆಯದು. ಮರ ಕಡಿಯಲು ಯಾರಾದರೂ ಬಂದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಎಲ್ಲಿ ಎಂದು ಕೇಳಲು ಆ ಮೊಹರು ನಿಮಗೆ ಬಲ ಕೊಡುತ್ತದೆ. ಪಾದಚಾರಿ ಮಾರ್ಗಕ್ಕೆ ಬ್ಲಾಕ್ ಹಾಸುವವರು ಬಂದಾಗಲೂ ಹಾಗೆಯೇ. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದೆಂದು ಆದೇಶಿಸಿದೆ. ಅದನ್ನು ತೋರಿಸಿ, ಜಗಳವಾಡದೆ, ಕೆಲಸದ ಮೇಸ್ತ್ರಿಗೆ ಸುಣ್ಣದಲ್ಲಿ ಗೆರೆ ಎಳೆದುಕೊಡಿ.

ಇನ್ನು ಆ 200 ಸಸಿ. ನಿಮ್ಮ 14 ಜನ ಇಬ್ಬಿಬ್ಬರಂತೆ ಏಳು ಜೋಡಿ ಆಗುತ್ತೀರಿ. ಒಂದು ಜೋಡಿ ಮೂರು ಬೇಸಿಗೆ ದಣಿಯದೆ ನೋಡಿಕೊಳ್ಳಬಲ್ಲದ್ದು ಹತ್ತು ಹನ್ನೊಂದು ಗಿಡ. ಅಂದರೆ ಹಳೆಯದು ಹೊಸದು ಸೇರಿ 75ರ ಆಸುಪಾಸು. ಈಗಿರುವ 47ಕ್ಕೆ ಒಂದು ಸುತ್ತಿಗೆ 20 ಲೀಟರಿನಂತೆ 940 ಲೀಟರ್, ಗೂಡ್ಸ್ ಆಟೋದಲ್ಲಿ ಸಾವಿರ ಲೀಟರಿನ ಒಂದು ಟ್ಯಾಂಕು. 200 ಸೇರಿಸಿದರೆ ಅದು ಐದು ಟ್ಯಾಂಕು. ದಾನಿಗೆ ಕೈಮುಗಿದು ಹೇಳಿ: 25 ಸಸಿ ಕೊಡಿ, ಮಿಕ್ಕ ಹಣದಲ್ಲಿ ಎರಡು ಬೇಸಿಗೆಯ ನೀರಿನ ಗಾಡಿ ಕೊಡಿ, ದನ ತಡೆಯುವ ಬೇಲಿ ಕೊಡಿ. ಫಲಕಕ್ಕೆ ಆಸೆಪಡುವವರಾದರೆ ನೀರಿನ ಟ್ಯಾಂಕಿನ ಮೇಲೆ ಹೆಸರು ಬರೆಸಿ, ಗಿಡಕ್ಕೆ ಮೊಳೆ ಹೊಡೆದು ಮಾತ್ರ ಬೇಡ. ಬೇಲಿಗೆ ಕಬ್ಬಿಣದ ಜಾಲರಿಯೇ ಆಗಬೇಕೆಂದಿಲ್ಲ. ಹುಲಿಕಲ್ಲು ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಆಲದ ಸಸಿಗಳನ್ನು ಉಳಿಸಿಕೊಂಡದ್ದು ಮುಳ್ಳುಕಂಟಿ ಕಟ್ಟಿ, ದೂರದಿಂದ ಕೊಡದಲ್ಲಿ ನೀರು ಹೊತ್ತು.

ಕೈಸೋತವರನ್ನು ಒತ್ತಾಯಿಸಬೇಡಿ. ಎರೆಗದ್ದೆಯ ಮೇಲೆ, ಗುಂಡಿಯ ದೋಷವಿದ್ದೂ, ಎರಡು ಬೇಸಿಗೆ ದಾಟಿಸಿ 47 ಮರ ಉಳಿಸಿಕೊಂಡಿದ್ದೀರಿ. ಅದು ಸೋಲೆಂದು ನನಗನ್ನಿಸುವುದಿಲ್ಲ. ಹೊಸದು ನೆಡುವ ಮುಂಚೆ ಈ 47ನ್ನು ನೋಡಿ. ಈ ಭಾನುವಾರ ಒಂದೊಂದರ ಬುಡವನ್ನೂ ಕೈಯಿಂದಲೇ ಮೆಲ್ಲಗೆ ಕೆದಕಿ, ಗುದ್ದಲಿ ಬೇಡ. ಕೊರಳು ಕಾಣದಿದ್ದರೆ ಕಾಣುವವರೆಗೆ ಮಣ್ಣು ಸರಿಸಿ. ಒಳಗೆ ಪ್ಲಾಸ್ಟಿಕ್ ಸಿಕ್ಕರೆ ಕತ್ತರಿಸಿ ತೆಗೆಯಿರಿ. ಊರುಗೋಲಿಗೆ ಕಟ್ಟಿದ ನೈಲಾನ್ ಹಗ್ಗ ಕಾಂಡದೊಳಗೆ ಇಳಿದಿದೆಯೇ ನೋಡಿ. ಗಿಡ ತಾನಾಗಿ ನಿಲ್ಲುವಂತಿದ್ದರೆ ಕೋಲನ್ನೇ ತೆಗೆದುಬಿಡಿ. ಎಷ್ಟರಲ್ಲಿ ಕೊರಳು ಹೂತಿತ್ತು, ಎಷ್ಟರಲ್ಲಿ ಚೀಲ ಸಿಕ್ಕಿತು ಎಂದು ನಿಮ್ಮ ಅದೇ ಪುಸ್ತಕದಲ್ಲಿ ಬರೆದು ನನಗೆ ಕಳಿಸಿ. ಹೊಸ 25 ಸಸಿಗೆ ಗುಂಡಿ ಎಲ್ಲಿ ತೋಡಬೇಕೆಂದು ಆಮೇಲೆ ಹೇಳುತ್ತೇನೆ.